ವೀಡಿಯೊ ಕ್ಯಾಮರಾ: ಬಳಕೆ ಮತ್ತು ಪಾಲನೆ

ಬಿತ್ತನೆ, ಕಸಿ, ಕೊಯ್ಲುಗಳ ಉತ್ತಮ ಪದ್ಧತಿಗಳನ್ನು ಚಿತ್ರಿಸಿ ನೆರೆಯೂರಿನವರಿಗೆ ತೋರಿಸಲು ವೀಡಿಯೊ ಕ್ಯಾಮರಾ ಒಳ್ಳೆಯ ಸಾಧನ. ಆದರೆ ಬಿತ್ತನೆಯ ದಿನ ಅದು ಕೆಟ್ಟು ನಿಂತರೆ ಮುಂದಿನ ಹಂಗಾಮಿನವರೆಗೆ ಕಾಯಬೇಕಾಗುತ್ತದೆ.

ಭಾಗಗಳು: ಮುಂಭಾಗದ ಮಸೂರವು ಬೆಳಕನ್ನು ಒಳಗಿನ ಸೆನ್ಸರಿನ ಮೇಲೆ ಕೂಡಿಸುತ್ತದೆ. ಸೆನ್ಸರು ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಮೈಕು ಧ್ವನಿಯನ್ನು ಹಿಡಿಯುತ್ತದೆ. ಚಿತ್ರ, ಧ್ವನಿ ಎರಡೂ ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತವೆ.

ಬಳಕೆ: ಸೂರ್ಯ ನಿಮ್ಮ ಬೆನ್ನಿಗಿರಲಿ. ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಒಂದೊಂದು ದೃಶ್ಯವನ್ನೂ ಕನಿಷ್ಠ 10 ಸೆಕೆಂಡು ಅಲುಗಿಸದೆ ಹಿಡಿಯಿರಿ. ಚಿತ್ರ ದಾಖಲಾಗುತ್ತಿರುವಾಗ ಕಾರ್ಡನ್ನಾಗಲಿ ಬ್ಯಾಟರಿಯನ್ನಾಗಲಿ ತೆಗೆಯಕೂಡದು.

ಪಾಲನೆ: ಧೂಳು ಮತ್ತು ತೇವ ಕ್ಯಾಮರಾದ ದೊಡ್ಡ ಶತ್ರುಗಳು. ಧೂಳಿರುವ ಮಸೂರವನ್ನು ಪಂಚೆಯ ಅಂಚಿನಿಂದ ಉಜ್ಜಿದರೆ ಮರಳಿನ ಕಣಗಳು ಗೀರು ಹಾಕುತ್ತವೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಿ, ಬಳಿಕ ಮಸೂರದ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿರಿ. ತೇವ ತಗುಲಿದ ಬೀಜಕ್ಕೆ ಬೂಷ್ಟು ಹಿಡಿಯುವಂತೆ ಮಳೆಗಾಲದಲ್ಲಿ ಮಸೂರಕ್ಕೂ ಹಿಡಿಯುತ್ತದೆ. ಬಿಟ್ಟರೆ ಗಾಜಿನ ಲೇಪವನ್ನೇ ಕೆಡಿಸುತ್ತದೆ. ಆದ್ದರಿಂದ ಕ್ಯಾಮರಾವನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಹಳ ದಿನ ಬಳಸದಿದ್ದರೆ ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜು ಮಾಡಿ, ಕಳಚಿ, ತಂಪಾದ ಒಣ ಸ್ಥಳದಲ್ಲಿ ಇಡತಕ್ಕದ್ದು.

ಬಿತ್ತನೆಯ ಬೀಜದಂತೆ ಜೋಪಾನ ಮಾಡಿದ ಕ್ಯಾಮರಾ ಬಿತ್ತನೆಯ ದಿನ ಕೈಕೊಡದು.