ಮೂಳೆಯ ಬಲ

ಮನೆಗೆ ಕಂಬ ತೊಲೆಗಳು ಹೇಗೋ ದೇಹಕ್ಕೆ ಮೂಳೆಗಳು ಹಾಗೆ ಎಂದು ಹೇಳುವುದುಂಟು. ಈ ಹೋಲಿಕೆ ಸರಿಯಾದರೂ ಪೂರ್ಣವಲ್ಲ. ಕಂಬ ತಾನಾಗಿ ಬೆಳೆಯದು. ಬಿರುಕು ಬಿಟ್ಟರೆ ತಾನಾಗಿ ಕೂಡಿಕೊಳ್ಳದು. ಮೂಳೆಯಾದರೋ ಬೆಳೆಯುತ್ತದೆ, ಮುರಿದರೆ ಬೆಸೆದುಕೊಳ್ಳುತ್ತದೆ, ದುಡಿದಂತೆ ಗಟ್ಟಿಗೊಳ್ಳುತ್ತದೆ, ದುಡಿಮೆಯಿಲ್ಲದಿದ್ದರೆ ಸೊರಗುತ್ತದೆ. ಅದು ಜಡವಸ್ತುವಲ್ಲ, ಜೀವಂತ ಅಂಗ.

ವಯಸ್ಕ ಮನುಷ್ಯನ ದೇಹದಲ್ಲಿ 206 ಮೂಳೆಗಳಿವೆ. ಅವುಗಳಲ್ಲಿ ಮುಖ್ಯವಾಗಿ ಎರಡು ದ್ರವ್ಯಗಳು ಬೆರೆತಿವೆ. ಒಂದು, ಕೊಲಾಜನ್ ಎಂಬ ಸಸಾರಜನಕದ ನಾರು. ಇನ್ನೊಂದು, ಕ್ಯಾಲ್ಸಿಯಂ ಮತ್ತು ರಂಜಕಗಳಿಂದಾದ ಲವಣ. ಕೋಳಿಯ ಕಾಲಿನ ಮೂಳೆಯನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಹಾಕಿದರೆ ಲವಣ ಕರಗಿ, ಮೂಳೆ ರಬ್ಬರಿನಂತೆ ಬಾಗುತ್ತದೆ. ಅದೇ ಮೂಳೆಯನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ನಾರು ಉರಿದುಹೋಗಿ, ಉಳಿದ ಭಾಗ ಸುಲಭವಾಗಿ ಪುಡಿಯಾಗುತ್ತದೆ. ಗಡಸುತನ ಲವಣದ ಗುಣ. ಮುರಿಯದೆ ತಾಳಿಕೊಳ್ಳುವುದು ನಾರಿನ ಗುಣ. ಎರಡೂ ಸೇರಿದಾಗಲೇ ಬಲ.

ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಎಡೆಬಿಡದೆ ಕೆಲಸಮಾಡುತ್ತಿರುತ್ತವೆ. ಎಳೆಯ ವಯಸ್ಸಿನಲ್ಲಿ ಕಟ್ಟುವ ಕೆಲಸ ಮೇಲುಗೈಯಾಗಿರುತ್ತದೆ. ಇಪ್ಪತ್ತರ ಹರೆಯದ ವೇಳೆಗೆ ಮೂಳೆಯ ಸಾಂದ್ರತೆಯ ಬಹುಪಾಲು ಕೂಡಿಬಂದಿರುತ್ತದೆ. ಮೂವತ್ತರ ಸುಮಾರಿಗೆ ಗಳಿಕೆ ನಿಲ್ಲುತ್ತದೆ. ಅನಂತರ ಮೆಲ್ಲಮೆಲ್ಲನೆ ಸವೆತ. ಸುಗ್ಗಿಯಲ್ಲಿ ಕಣಜ ತುಂಬಿಕೊಂಡವನಿಗೆ ಮಳೆಗಾಲದ ಭಯವಿಲ್ಲ. ಹದಿಹರೆಯವೇ ಮೂಳೆಯ ಸುಗ್ಗಿಯ ಕಾಲ.

ಈ ಕಣಜವನ್ನು ತುಂಬುವುದು ಮೊದಲಿಗೆ ಆಹಾರ. ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಅತ್ಯಲ್ಪ ಭಾಗ ಹೃದಯದ ಬಡಿತಕ್ಕೂ ಸ್ನಾಯುಗಳ ಚಲನೆಗೂ ಬೇಕು. ಊಟದಿಂದ ಅದು ದೊರೆಯದಿದ್ದರೆ ದೇಹವು ಮೂಳೆಯಿಂದಲೇ ಕಡ ತೆಗೆಯುತ್ತದೆ. ಹದಿಹರೆಯದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಸುಪಾಸು. ರಾಗಿ ತಿಂದವನು ನಿರೋಗಿ ಎಂಬ ಜನರ ಮಾತಿಗೆ ಇಲ್ಲೊಂದು ಆಧಾರವಿದೆ. ರಾಗಿಯನ್ನು ಮೊಳಕೆ ಕಟ್ಟಿಸಿ ಬಳಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ದೇಹಕ್ಕೆ ಇನ್ನಷ್ಟು ಚೆನ್ನಾಗಿ ದಕ್ಕುತ್ತದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಇವೂ ಕ್ಯಾಲ್ಸಿಯಂನ ಆಕರಗಳು. ನಾರಿನ ಪೋಷಣೆಗೆ ಬೇಳೆಕಾಳುಗಳೂ ಮೊಟ್ಟೆಯೂ ನೆರವಾಗುತ್ತವೆ.

ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಚೆನ್ನಾಗಿ ಸೇರಬೇಕಾದರೆ ಡಿ ಜೀವಸತ್ವ ಬೇಕು. ಒಂದು ಕಾಲದಲ್ಲಿ ಹೊಗೆ ಕವಿದ ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಅಸಂಖ್ಯಾತ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ಆ ರೋಗದ ಹೆಸರು ರಿಕೆಟ್ಸ್. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿಯವರು ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಕಾಡ್ ಮೀನಿನ ಎಣ್ಣೆಯಿಂದ ಈ ರೋಗವನ್ನು ತಡೆಯಬಹುದೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ ನಗರದ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿಯವರು ಅತಿನೇರಳೆ ಕಿರಣಗಳಿಂದ ಮಕ್ಕಳನ್ನು ಗುಣಪಡಿಸಿದ್ದನ್ನು ಪ್ರಕಟಿಸಿದರು. ಎಣ್ಣೆಗೂ ಬೆಳಕಿಗೂ ಏನು ಸಂಬಂಧ? ಎಣ್ಣೆಯಲ್ಲಿದ್ದ ಡಿ ಜೀವಸತ್ವವನ್ನೇ ನಮ್ಮ ಚರ್ಮವು ಬಿಸಿಲಿನ ಸಹಾಯದಿಂದ ತಯಾರಿಸುತ್ತದೆ ಎಂಬುದು ಮುಂದೆ ತಿಳಿದುಬಂದಿತು. ಬಿಸಿಲು ಧಾರಾಳವಾಗಿರುವ ಭಾರತದಲ್ಲಿಯೂ ಇಂದು ಈ ಜೀವಸತ್ವದ ಕೊರತೆ ವ್ಯಾಪಕವಾಗಿದೆ. ಹಗಲೆಲ್ಲ ನಾಲ್ಕು ಗೋಡೆಗಳ ನಡುವೆ ಕಳೆಯುವುದು ಇದಕ್ಕೆ ಒಂದು ಮುಖ್ಯ ಕಾರಣ.

ಆಹಾರದಷ್ಟೇ ಅಗತ್ಯವಾದುದು ವ್ಯಾಯಾಮ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಎಳವೆಯಿಂದ ಟೆನಿಸ್ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ದೇಹದ ಭಾರವೇ ತಿಳಿಯದ ಅಂತರಿಕ್ಷದಲ್ಲಿ ಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟು ಅಥವಾ ಅದಕ್ಕಿಂತ ಹೆಚ್ಚು ಸವೆಯಬಲ್ಲದು. ಆದ್ದರಿಂದಲೇ ಅವರು ಅಲ್ಲಿ ದಿನಕ್ಕೆ ಸುಮಾರು ಎರಡು ಗಂಟೆಗಳನ್ನು ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ಓಟ, ಹಗ್ಗದಾಟ, ಕುಂಟೆಬಿಲ್ಲೆ, ಖೋ ಖೋ, ಕಬಡ್ಡಿ ಮೊದಲಾದ ಆಟಗಳಲ್ಲಿ ಕಾಲು ನೆಲಕ್ಕೆ ಅಪ್ಪಳಿಸಿದಾಗಲೆಲ್ಲ ಮೂಳೆಗೆ ಗಟ್ಟಿಯಾಗುವ ಕರೆ ತಲುಪುತ್ತದೆ.

ಇಲ್ಲಿ ಸಮಾಜವು ಗಮನಿಸಬೇಕಾದ ಸಂಗತಿಯೊಂದಿದೆ. ಹುಡುಗಿಯೊಬ್ಬಳು ದೊಡ್ಡವಳಾದೊಡನೆ ಆಕೆಯ ಆಟವನ್ನು ನಿಲ್ಲಿಸುವ, ಹಾಲು ಮೊಸರುಗಳಲ್ಲಿ ಗಂಡುಮಕ್ಕಳಿಗೆ ಮೊದಲ ಪಾಲು ಕೊಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಮುಟ್ಟು ನಿಂತ ಬಳಿಕ ಸ್ತ್ರೀಯರ ಮೂಳೆ ಶೀಘ್ರವಾಗಿ ಸವೆಯುತ್ತದೆ. ಸಣ್ಣದಾಗಿ ಜಾರಿಬಿದ್ದರೂ ಸೊಂಟ ಅಥವಾ ಮಣಿಕಟ್ಟು ಮುರಿಯುವ ಸ್ಥಿತಿ ಬರುತ್ತದೆ. ಮುಪ್ಪಿನಲ್ಲಿ ಹೆಚ್ಚು ಬೇಕಾಗುವವರಿಗೇ ಸುಗ್ಗಿಯಲ್ಲಿ ಕಡಿಮೆ ಅಳೆದುಕೊಟ್ಟಂತಾಗುತ್ತದೆ. ಇದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ಮೂಳೆಯ ಬಲವನ್ನು ಒಂದು ದಿನದಲ್ಲಿ ಗಳಿಸಲಾಗದು. ಅಜ್ಜಿಯ ಬಾಗಿದ ಬೆನ್ನನ್ನು ನೆಟ್ಟಗಾಗಿಸುವುದು ಕಷ್ಟ. ಆದರೆ ಮೊಮ್ಮಗಳ ಬೆನ್ನು ಬಾಗದಂತೆ ಈಗಲೇ ನೋಡಿಕೊಳ್ಳಬಹುದು. ಪೌಷ್ಟಿಕವಾದ ಊಟ, ಹಿತವಾದ ಬಿಸಿಲು, ಬೆವರು ಬರುವಷ್ಟು ಆಟ ಇವು ಮೂರನ್ನೂ ಪ್ರತಿಯೊಬ್ಬ ಬಾಲಕನಿಗೂ ಬಾಲಕಿಗೂ ಸಮನಾಗಿ ಒದಗಿಸುವುದು ಮನೆ ಮತ್ತು ಶಾಲೆಗಳೆರಡರ ಕರ್ತವ್ಯ.