ಹಿಂದಿನ ಬೆಂಚಿನ ದುರ್ಯೋಧನ

ಹೈಸ್ಕೂಲಿನಲ್ಲಿ ಪ್ರತಿಯೊಬ್ಬರಿಗೂ ಒಂದು ಬಿರುದು ಇರುತ್ತೆ: ಸೋಮಾರಿ, ಜಂಬದ ಕೋಳಿ, ಪುಸ್ತಕದ ಹುಳ. ಬನಹಟ್ಟಿ ನೇಕಾರರ ಊರು. ರಾತ್ರಿ ಮನೆಯವರ ಜೊತೆ ಕಂಡಿಕೆ ಸುತ್ತಿದ ಹುಡುಗ ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ತೂಕಡಿಸಿದರೆ ಅವನನ್ನ ಸೋಮಾರಿ ಅನ್ನಬಹುದಾ? ಅವನಿಗೂ ಒಂದು ಕನಸು ಇರುತ್ತೆ. ಯಾರೂ ಕೇಳಿರಲ್ಲ, ಅಷ್ಟೇ.

ಪಕ್ಕದ ಮುಧೋಳ ಸೀಮೆಯ ರನ್ನನನ್ನೇ ನೋಡೋಣ. ಹತ್ತನೇ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಓದುವ ಆಸೆ ಹೊತ್ತು ಊರು ಬಿಟ್ಟ. ಅಜಿತಸೇನಾಚಾರ್ಯರು ವಿದ್ಯೆ ಕೊಟ್ಟರು, ಚಾವುಂಡರಾಯ ಆಸರೆ ಕೊಟ್ಟ. ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ಯಾದ. ಬರೀ ಬಳೆಗಾರರ ಹುಡುಗ ಅಂತ ಅವರು ಸುಮ್ಮನಾಗಿದ್ದರೆ ಕನ್ನಡಕ್ಕೆ ರನ್ನ ಸಿಗ್ತಿರಲಿಲ್ಲ.

ರನ್ನನೂ ಜನರನ್ನ ಹಾಗೇ ನೋಡಿದ. ಅವನ ‘ಗದಾಯುದ್ಧ’ದ ನಾಯಕ ಭೀಮ. ಆದರೂ ಅಲ್ಲಿನ ದುರ್ಯೋಧನ ಬರೀ ಖಳನಲ್ಲ. ರಣರಂಗದಲ್ಲಿ ಗೆಳೆಯ ಕರ್ಣನ ಶವದ ಮುಂದೆ ಗೋಳಾಡ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗ್ತಾನೆ.

ಈ ಸೆಮಿಸ್ಟರ್ ಪ್ರಾಜೆಕ್ಟ್ ಟೀಮಿನಲ್ಲಿ ಯಾರಾದರೂ ಕೈಕೊಟ್ಟರೆ, ಬಿರುದು ಕೊಡೋ ಮೊದಲು ಕ್ಯಾಂಟೀನಿಗೆ ಕರ್ಕೊಂಡು ಹೋಗೋಣ. ಒಂದು ಚಹಾ ಕುಡಿಸಿ ಕೇಳೋಣ: “ಯಾಕೋ, ಮನ್ಯಾಗ ಎಲ್ಲಾರೂ ಆರಾಮ ಅದಾರೇನು? ನಿನಗ ಮುಂದ ಏನಾಗಬೇಕಂತ ಐತಿ?”