ಆಳುಗಳ ಸಾಗಾಟ, ಮಾಲಿನ ಭಾರ ಮತ್ತು ರಸ್ತೆಯ ಕಾನೂನು

ಕೊಯ್ಲಿನ ಕಾಲ ಬಂದಿತೆಂದರೆ ಮಲೆನಾಡಿನ ರಸ್ತೆಗಳಲ್ಲಿ ಬೆಳಗಿನ ಹೊತ್ತು ಕಾಣುವ ನೋಟ ಒಂದೇ. ಪಿಕಪ್ ಗಾಡಿಯ ಹಿಂಬದಿಯಲ್ಲಿ ಹತ್ತು ಹದಿನೈದು ಮಂದಿ ಆಳುಗಳು ಬುತ್ತಿ ಹಿಡಿದು ನಿಂತಿರುತ್ತಾರೆ. ಸಂಜೆ ಅದೇ ಗಾಡಿಯಲ್ಲಿ ಮೂಟೆಗಳ ಮೇಲೆ ಕುಳಿತು ಊರಿಗೆ ಮರಳುತ್ತಾರೆ. "ಎಲ್ಲರೂ ಮಾಡುವುದೇ ಅಲ್ಲವೆ? ಗಾಡಿಗೆ ವಿಮೆ ಇದೆಯಲ್ಲ!" ಎಂದು ನಾವೂ ಸಮಾಧಾನ ಪಟ್ಟುಕೊಳ್ಳುತ್ತೇವೆ. ಈ ಸಮಾಧಾನಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಹೆಲ್ಮೆಟ್, ಸೀಟ್ ಬೆಲ್ಟ್ ವಿಷಯ ಎಲ್ಲರಿಗೂ ತಿಳಿದದ್ದೇ. ಬೆಳೆಗಾರರ ಬದುಕಿಗೆ ನೇರವಾಗಿ ತಾಗುವ, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಕೆಲವು ನಿಯಮಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇವೆ.

ಇಂದು ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯಿದೆ. 2019ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಗಿ, ದಂಡದ ಕಲಮುಗಳು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಲೈಸೆನ್ಸು ಇಲ್ಲದೆ ಓಡಿಸಿದರೆ ಮೊದಲು 500 ರೂಪಾಯಿ ಇದ್ದ ದಂಡ 5,000 ಆಯಿತು. ಅದೇ ತಿಂಗಳು ಕರ್ನಾಟಕ ಸರ್ಕಾರವು ಕೆಲವು ತಪ್ಪುಗಳಿಗೆ ಸ್ಥಳದಲ್ಲೇ ಕಟ್ಟುವ ದಂಡವನ್ನು ಇಳಿಸಿತು. ಆದುದರಿಂದ ಪೊಲೀಸರು ರಶೀದಿ ಹರಿಯುವ ಮೊತ್ತ ಕೆಲವೆಡೆ ಕಡಿಮೆ ಇದ್ದೀತು. ನಾವು ಇಲ್ಲಿ ಕೊಡುವುದು ಕಾಯಿದೆಯಲ್ಲಿರುವ ಅಂಕಿಗಳು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಲೆಕ್ಕಕ್ಕೆ ಬರುವುದು ಇವೇ.

1. ಸರಕು ಗಾಡಿಯಲ್ಲಿ ಜನ

ಸರಕು ಗಾಡಿಯ ಕಡ್ಡಾಯ ವಿಮೆ ಯಾರನ್ನು ಕಾಯುತ್ತದೆ? ರಸ್ತೆಯಲ್ಲಿ ಹೋಗುವ ಬೇರೆಯವರನ್ನು ಕಾಯುತ್ತದೆ. ಗಾಡಿಯ ಚಾಲಕನನ್ನೂ ಗಾಡಿಯ ಕೆಲಸಕ್ಕೇ ಇರುವ ಸಹಾಯಕನನ್ನೂ ಕಾಯುತ್ತದೆ. 1994ರ ತಿದ್ದುಪಡಿಯ ಬಳಿಕ ಸರಕಿನ ಒಡೆಯ ಅಥವಾ ಅವನ ಅಧಿಕೃತ ಪ್ರತಿನಿಧಿ ಸರಕಿನೊಡನೆ ಪ್ರಯಾಣ ಮಾಡುತ್ತಿದ್ದರೆ ಅವನೂ ಸೇರುತ್ತಾನೆ. ಇಷ್ಟೇ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಬಂದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2003ರಲ್ಲಿಯೇ ತೀರ್ಪು ಕೊಟ್ಟಿದೆ. ಟ್ರ್ಯಾಕ್ಟರ್ ಟ್ರೈಲರಿನಿಂದ ಬಿದ್ದು ಗಾಯಗೊಂಡ ಕೂಲಿಯೊಬ್ಬನ ಪ್ರಕರಣದಲ್ಲಿಯೂ 2007ರಲ್ಲಿ ಇದೇ ನಿಲುವು ಬಂದಿತು. ಆ ಬಡವನಿಗೆ ಕಂಪನಿ ಮೊದಲು ಹಣ ಕೊಡಲಿ, ಬಳಿಕ ಗಾಡಿಯ ಒಡೆಯನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಹೇಳಿತು. ಯಾವ ದಾರಿಯಲ್ಲಿ ಸುತ್ತಿ ಬಂದರೂ ಹೊಣೆ ನಿಂತದ್ದು ಒಡೆಯನ ಬಾಗಿಲಲ್ಲಿ.

ಆ ಹೊಣೆ ಎಷ್ಟು ದೊಡ್ಡದೆಂದು ಒಂದು ಲೆಕ್ಕ ಹಾಕಿ ನೋಡೋಣ. ಮೂವತ್ತು ವರ್ಷದ ಆಳೊಬ್ಬ ಗಾಡಿ ಮಗುಚಿ ತೀರಿಕೊಂಡನೆಂದು ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಅವನ ತಿಂಗಳ ಸಂಪಾದನೆ 12,000 ರೂಪಾಯಿ ಎಂದು ಪರಿಹಾರ ನ್ಯಾಯಮಂಡಳಿ ಒಪ್ಪಿತು. ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದ ಪ್ರಕಾರ ಲೆಕ್ಕ ಹೀಗೆ ಸಾಗುತ್ತದೆ:

ಮುಂದಿನ ದಿನಗಳ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ ತಿಂಗಳಿಗೆ 16,800 ರೂಪಾಯಿ. ವರ್ಷಕ್ಕೆ 2,01,600. ಅವನ ಸ್ವಂತ ಖರ್ಚಿಗೆಂದು ಮೂರನೆಯ ಒಂದು ಪಾಲು ಕಳೆದರೆ ಉಳಿಯುವುದು 1,34,400. ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 17. ಗುಣಿಸಿದರೆ 22,84,800 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬುಗಳು ಇದರ ಮೇಲೆ.

ಇದು ಒಬ್ಬನ ಲೆಕ್ಕ. ಗಾಡಿಯಲ್ಲಿದ್ದವರು ಹನ್ನೆರಡು ಮಂದಿ. ನಾಲ್ಕು ಎಕರೆಯ ಬೆಳೆಗಾರ ಇದನ್ನು ಎಲ್ಲಿಂದ ತಂದಾನು? ತೋಟ ಹೋಗುತ್ತದೆ. ತೋಟ ಹೋದರೂ ಹಣ ಸಾಲದೆ ಹೋದರೆ ಆ ವಿಧವೆಗೆ, ಮಕ್ಕಳಿಗೆ ಸಿಗಬೇಕಾದದ್ದು ಸಿಗುವುದಿಲ್ಲ. ನಮ್ಮನ್ನು ನಂಬಿ ಗಾಡಿ ಹತ್ತಿದವರ ಮನೆಗಳವು ಎಂಬುದನ್ನು ಮರೆಯಲಾಗದು.

ಹಾಗಾದರೆ ದಾರಿ ಯಾವುದು? ಆಳುಗಳನ್ನು ಕರೆತರಲು ಪ್ರಯಾಣಿಕರ ಪರವಾನಗಿ ಇರುವ ಗಾಡಿಯನ್ನೇ ಗೊತ್ತುಮಾಡುವುದು ಉತ್ತಮ. ಆಸನಕ್ಕಿಂತ ಹೆಚ್ಚು ಜನರನ್ನು ತುಂಬದೆ ಎರಡು ಸರದಿ ಮಾಡಿಸಬಹುದು. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿದರೆ ಬಾಡಿಗೆ ಹಂಚಿಹೋಗುತ್ತದೆ. ಸ್ವಂತ ಜೀಪಿನಲ್ಲಿಯೇ ಕರೆತರುವುದಾದರೆ, ಕೇವಲ ಕಡ್ಡಾಯ ವಿಮೆಯಿಂದ ಒಳಗೆ ಕುಳಿತವರಿಗೆ ರಕ್ಷಣೆ ಇಲ್ಲವೆಂಬುದು ನೆನಪಿರಲಿ. ಪೂರ್ಣ ಪಾಲಿಸಿ ಮಾಡಿಸಿ, ನೌಕರರಿಗಾಗಿ ಹೆಚ್ಚಿನ ಪ್ರೀಮಿಯಂ ಕಟ್ಟಿ, ಅದು ಪಾಲಿಸಿಯ ಕಾಗದದಲ್ಲಿ ಬರೆದು ಬಂದಿದೆಯೇ ಎಂದು ಓದಿ ನೋಡತಕ್ಕದ್ದು. ಏಜೆಂಟರ ಬಾಯಿಮಾತು ನ್ಯಾಯಮಂಡಳಿಯ ಮುಂದೆ ನಿಲ್ಲುವುದಿಲ್ಲ.

2. ಮಾಲಿನ ಭಾರ

ಆರ್.ಸಿ. ಪುಸ್ತಕದಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಭಾರ ಸಹಿತ ಒಟ್ಟು ತೂಕ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಬರುವುದೇ ನಾವು ಹೇರಬಹುದಾದ ಭಾರ. ಒಟ್ಟು 2,900 ಕಿಲೊ, ಖಾಲಿ 1,700 ಕಿಲೊ ಇದ್ದರೆ ಹೇರಲು ಉಳಿಯುವುದು 1,200 ಕಿಲೊ. ಅಂದರೆ 50 ಕಿಲೊ ತೂಗುವ 24 ಕಾಫಿ ಚೀಲ; ಗಾಡಿಯಲ್ಲಿ ಕೂರುವವರ ತೂಕವೂ ಇದರೊಳಗೇ ಬರಬೇಕು. ಆದರೆ ನಾವು 44 ಚೀಲ ಹೇರಿಬಿಡುತ್ತೇವೆ. ಜನರ ತೂಕ ಬಿಟ್ಟರೂ ಒಂದು ಟನ್ ಹೆಚ್ಚಾಯಿತು.

ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಮೇಲಿನ ಉದಾಹರಣೆಗೆ 22,000 ರೂಪಾಯಿ. ಅಷ್ಟೇ ಅಲ್ಲ, ಹೆಚ್ಚಿನ ಮಾಲನ್ನು ನಮ್ಮ ಖರ್ಚಿನಲ್ಲಿಯೇ ಇಳಿಸುವ ತನಕ ಗಾಡಿಯನ್ನು ಬಿಡುವಂತಿಲ್ಲ. ಮಳೆ ಹನಿಯುವಾಗ ಒಣಗಿಸಿದ ಕಾಫಿಯನ್ನು ರಸ್ತೆ ಬದಿಯಲ್ಲಿ ಇಳಿಸುವ ಪಾಡು ಯಾರಿಗೂ ಬೇಡ. ತೂಕಕ್ಕೆ ನಿಲ್ಲಿಸದೆ ಓಡಿದರೆ ದಂಡ 40,000.

ಮಾಲು ಗಾಡಿಯ ಮೈಯಿಂದ ಅಕ್ಕಪಕ್ಕಕ್ಕೆ ಚಾಚಿದರೂ, ಹಿಂದೆ ಮುಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿದರೂ 20,000 ದಂಡವಿದೆ. ಅಡಿಕೆ ದಬ್ಬೆ, ಸಿಲ್ವರ್ ಓಕ್ ಮರ, ಉದ್ದನೆಯ ದೋಟಿ ಸಾಗಿಸುವವರು ಇದನ್ನು ಗಮನಿಸಬೇಕು. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಆ ದಬ್ಬೆಯ ತುದಿ ಕಾಣುವುದೇ ಇಲ್ಲ.

3. ಗಾಡಿ ಯಾರ ಕೈಯಲ್ಲಿ?

ಲೈಸೆನ್ಸು ಇಲ್ಲದವನಿಗೆ ಗಾಡಿ ಕೊಟ್ಟ ಒಡೆಯನಿಗೂ ಮೂರು ತಿಂಗಳ ತನಕ ಸಜೆ, ಅಥವಾ 5,000 ದಂಡ, ಅಥವಾ ಎರಡೂ ಆಗಬಹುದು. ಹದಿನೆಂಟು ತುಂಬದ ಮಗನನ್ನು ಕಣದಿಂದ ಪೇಟೆಗೆ ಬೈಕಿನಲ್ಲಿ ಕಳುಹಿಸಿ ಅಪರಾಧವಾದರೆ, ಪೋಷಕರನ್ನು ಅಥವಾ ಒಡೆಯರನ್ನು ತಪ್ಪಿತಸ್ಥರೆಂದೇ ಕಾನೂನು ಭಾವಿಸುತ್ತದೆ. ಮೂರು ವರ್ಷದ ತನಕ ಸಜೆ, 25,000 ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷವಾಗುವ ತನಕ ಲೈಸೆನ್ಸು ಸಿಗದು.

ಲೈಸೆನ್ಸಿನ ಅವಧಿ ಮುಗಿದ ಮೇಲೆ ಹಿಂದೆ ಇದ್ದ ಮೂವತ್ತು ದಿನಗಳ ರಿಯಾಯಿತಿ ಈಗಿಲ್ಲ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಒಂದು ಸಮಾಧಾನದ ಸಂಗತಿಯೂ ಇದೆ. ಲಘು ವಾಹನದ ಲೈಸೆನ್ಸು ಇದ್ದವರು ಒಟ್ಟು ತೂಕ 7,500 ಕಿಲೊ ಮೀರದ ಸರಕು ಗಾಡಿಯನ್ನು ಬೇರೆ ಮುದ್ರೆ ಇಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಒಟ್ಟು ತೂಕ 3,000 ಕಿಲೊ ಮೀರದ ಸರಕು ಗಾಡಿಗೆ ಪರ್ಮಿಟ್ಟೂ ಬೇಡ. ಆದರೆ ಎಫ್.ಸಿ. ಮತ್ತು ವಿಮೆ ಬೇಕೇ ಬೇಕು. ಎಫ್.ಸಿ. ಇಲ್ಲದ ಸರಕು ಗಾಡಿಯನ್ನು ನೋಂದಣಿಯೇ ಇಲ್ಲದ ಗಾಡಿಯಂತೆ ಕಾನೂನು ಕಾಣುತ್ತದೆ.

4. ಘಟ್ಟದ ರಸ್ತೆಯಲ್ಲಿ

ಕಡಿದಾದ, ಕಿರಿದಾದ ರಸ್ತೆಯಲ್ಲಿ ಎರಡು ಗಾಡಿಗಳು ಎದುರಾದರೆ ದಾರಿ ಯಾರಿಗೆ? ಏರುವವರಿಗೆ. ಇಳಿಯುವವರು ಬದಿಗೆ ನಿಲ್ಲಿಸಿ ಏರುವ ಗಾಡಿಯನ್ನು ಬಿಡಬೇಕು. ಭಾರ ಹೊತ್ತು ಏರುವ ಗಾಡಿ ನಡುವೆ ನಿಂತರೆ ಹಿಂದಕ್ಕೆ ಜಾರುವ ಭಯವಿರುತ್ತದೆ. ಈ ನಿಯಮ ತಿಳಿಯದೆ ನಮ್ಮ ತಿರುವುಗಳಲ್ಲಿ ದಿನವೂ ಜಗಳಗಳಾಗುತ್ತಿವೆ.

5. ಅಪಘಾತವಾದಾಗ

ಗಾಡಿ ಬಿಟ್ಟು ಓಡುವುದು ಎರಡನೆಯ ಅಪರಾಧ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ಚಾಲಕನ ಕರ್ತವ್ಯ. ತಪ್ಪಿದರೆ ಆರು ತಿಂಗಳ ತನಕ ಸಜೆ ಅಥವಾ 5,000 ದಂಡ.

ದಾರಿಹೋಕರಾಗಿ ಗಾಯಾಳುವಿಗೆ ನೆರವಾಗಲು ಅಂಜಬೇಕಾಗಿಲ್ಲ. ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲವೆಂದು 2019ರ ತಿದ್ದುಪಡಿಯೇ ಹೇಳುತ್ತದೆ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕೇಳದ ಚಿಕಿತ್ಸೆಗೆ ಅವಕಾಶವಿದೆ.

ಕೊನೆಯದಾಗಿ, ನಮ್ಮನ್ನು ನಾವೇ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳು:

ನಮ್ಮ ಗಾಡಿಯ ಪಾಲಿಸಿಯಲ್ಲಿ ಯಾರು ಯಾರಿಗೆ ರಕ್ಷಣೆ ಇದೆ?
ಆರ್.ಸಿ. ಪ್ರಕಾರ ಎಷ್ಟು ಚೀಲ ಹೇರಬಹುದು?
ಚಾಲಕನ ಲೈಸೆನ್ಸು, ಗಾಡಿಯ ಎಫ್.ಸಿ. ಯಾವ ತಾರೀಖಿನ ತನಕ ಇದೆ?
ನಾಳೆ ಬೆಳಗ್ಗೆ ಆಳುಗಳು ಯಾವ ಗಾಡಿಯಲ್ಲಿ ಬರುತ್ತಾರೆ?

ಮೊದಲ ಮೂರಕ್ಕೆ ಉತ್ತರ ಮನೆಯ ಕಪಾಟಿನಲ್ಲಿರುವ ಕಾಗದಗಳಲ್ಲೇ ಸಿಗುತ್ತದೆ. ಇಂದು ರಾತ್ರಿ ಊಟವಾದ ಮೇಲೆ ಅವನ್ನು ತೆಗೆದು ಓದೋಣ. ನಾಲ್ಕನೆಯದನ್ನು ಓದಿ ಸುಮ್ಮನಿರಲಾಗದು. ಕೊಯ್ಲು ಶುರುವಾಗುವ ಮೊದಲೇ ನೆರೆಯ ತೋಟದವರೊಡನೆ ಕುಳಿತು ಮಾತಾಡಿ ಗಾಡಿ ಗೊತ್ತುಮಾಡೋಣ.